ಏರಿಯಲ್‌ಮಣಿದರ್ಪಣ

13ನೆಯ ಶತಮಾನದಲ್ಲಿ ಕೇಶಿರಾಜ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮ ಹಿಡಿದು ಕನ್ನಡದ ಶಬ್ದಗಳನ್ನೆಲ್ಲ ಸಾಲಾಗಿ ಕೂರಿಸಿದ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳೆಯ ಪಿಕಪ್ಪುಗಳ ಮೇಲೆ ಮುರಿದು, ಬಾಗಿ, ಕರಿ ಟೇಪು ಸುತ್ತಿಸಿಕೊಂಡು ನಿಂತ ರೇಡಿಯೊ ಏರಿಯಲ್ಲುಗಳಿಗೆ ಮಾತ್ರ ಇಂದಿನವರೆಗೆ ಒಬ್ಬ ಲಾಕ್ಷಣಿಕ ಹುಟ್ಟಲಿಲ್ಲ. ಆ ಕೊರತೆ ನೀಗಲೆಂದು ಈ ಗ್ರಂಥ. ಮೂಡಲಗಿ ಈಚೆಗಷ್ಟೇ ಗೋಕಾಕದಿಂದ ಬೇರೆಯಾಗಿ ತಾಲೂಕಾಯಿತು. ಏರಿಯಲ್ ಮುರಿಯುವ ವಿಷಯದಲ್ಲಿ ಇನ್ನೂ ಪಾಲಾಗಿಲ್ಲ.

ಸೂತ್ರ: ಮುರಿಯದ ಕಡ್ಡಿಯಿಲ್ಲ, ಕೆಟ್ಟದ್ದೆಲ್ಲ ಕಡ್ಡಿಯಲ್ಲ.

ವೃತ್ತಿ: ಸೂತ್ರದ ಮೊದಲರ್ಧ ಎಲ್ಲ ಡ್ರೈವರುಗಳಿಗೂ ಗೊತ್ತು. ಎರಡನೆಯ ಅರ್ಧಕ್ಕಾಗಿಯೇ ಈ ಶಾಸ್ತ್ರ. ಏರಿಯಲ್ಲಿಗೆ ಅಂಗಗಳು ಮೂರು: ಮೇಲೆ ಕಾಣುವ ಕಡ್ಡಿ, ತಗಡಿಗೆ ಬಿಗಿದ ಬುಡ, ಡ್ಯಾಶ್‌ಬೋರ್ಡಿನ ಹಿಂದೆ ಹರಿದು ರೇಡಿಯೊದ ಬೆನ್ನಿಗೆ ಸೇರುವ ಬಾಲ. ಲೋಕ ಕಡ್ಡಿಯನ್ನು ನೋಡುತ್ತದೆ, ಕಡ್ಡಿಗೆ ದುಡ್ಡು ಕೊಡುತ್ತದೆ, ಕಡ್ಡಿ ಬದಲಿಸಿದ ಮೇಲೂ ರೇಡಿಯೊ ಸುಂಯ್ ಎಂದಾಗ ಧಾರವಾಡ ಆಕಾಶವಾಣಿಯವರನ್ನು ಬೈಯುತ್ತದೆ.

ಮೊದಲು ಸ್ಥಾನಭೇದ. ಮುಂದಿನ ಮಡ್‌ಗಾರ್ಡಿನ ಮೇಲೆ ನಿಂತದ್ದು ಗಲ್ಲಸ್ಥ, ಗಾಜಿನ ಪಕ್ಕದ ಕಂಬಕ್ಕೆ ಅಂಟಿದ್ದು ಕಂಬಸ್ಥ, ಛತ್ತಿನ ಮೇಲಿನದು ಶಿರಸ್ಥ. ಏರಿಯಲ್ಲು ಹೀಗೆ ಹೊರಗೆ ಬಂದು ನಿಲ್ಲಲು ಒಂದು ಕಾರಣವಿದೆ. ಅಮೆರಿಕದಲ್ಲಿ 1930ರ ಸುಮಾರಿಗೆ ಗಾಲ್ವಿನ್ ಸಹೋದರರು ಮೊಟೊರೊಲಾ ಎಂಬ ಹೆಸರಿಟ್ಟು ಕಾರಿನ ರೇಡಿಯೊ ಮಾರಲು ಹೊರಟಾಗ ಕಾರುಗಳ ಛತ್ತಿನಲ್ಲಿ ಬಟ್ಟೆಯ ಭಾಗವಿರುತ್ತಿತ್ತು. ಅದರೊಳಗೆ ಕೋಳಿಜಾಲಿಯ ತಂತಿ ಹಾಸಿದರೆ ಅದೇ ಏರಿಯಲ್. ಆ ದಶಕದ ನಡುವೆ ಇಡೀ ಛತ್ತು ಉಕ್ಕಿನದಾಯಿತು. ಉಕ್ಕಿನ ಪೆಟ್ಟಿಗೆಯೊಳಗೆ ಅಲೆ ನುಗ್ಗದು, ಹಾಗಾಗಿ ತಂತಿ ಕಡ್ಡಿಯಾಗಿ ಬೀದಿಗೆ ಬಿತ್ತು. ಬೀದಿಗೆ ಬಿದ್ದ ಮೇಲೆ ಮುರಿಯದೆ ಇರುತ್ತದೆಯೆ?

ಇನ್ನು ಭಗ್ನಭೇದ. ಇದು ಈ ಸೀಮೆಯ ಸ್ವಂತ ಆಸ್ತಿ, ಆದ್ದರಿಂದ ತುಸು ವಿಸ್ತಾರ.

ಕಬ್ಬುಹತವು ಭಗ್ನಗಳಲ್ಲಿ ಶ್ರೇಷ್ಠ. ಹಂಗಾಮು ಶುರುವಾದೊಡನೆ ಘಟಪ್ರಭೆಯ ಕಡೆಗೊ, ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯ ಕಡೆಗೊ ಡಬ್ಬಲ್ ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಹೊರಡುತ್ತವೆ. ಟ್ರೇಲರಿನ ಎರಡೂ ಬದಿಗೆ ಕಬ್ಬು ಮೊಳದುದ್ದ ಹೊರಗೆ ಚಾಚಿರುತ್ತದೆ. ಸಣ್ಣ ರಸ್ತೆಯಲ್ಲಿ ಪಿಕಪ್ಪು ಸೈಡ್ ತೆಗೆದುಕೊಂಡು ಮುಂದೆ ನುಗ್ಗುವಾಗ ಗಲ್ಲಸ್ಥ ಏರಿಯಲ್ಲು ಆ ಕಬ್ಬಿನ ಸಾಲಿಗೆ ಸಿಕ್ಕಿ, ಮೊದಲು ಹಿಂದಕ್ಕೆ ಬಾಗಿ, ಆಮೇಲೆ ಟಪ್ಪನೆ ಹಾರಿಹೋಗುತ್ತದೆ. ಡ್ರೈವರಿಗೆ ಇದು ಕಿವಿಯಿಂದ ತಿಳಿಯುತ್ತದೆ: ಹಾಡು ನಡುವೆಯೇ ನಿಂತು ಮಳೆ ಸುರಿದ ಸದ್ದು ಬರುತ್ತದೆ. ಕಬ್ಬುಹತದ ಲಕ್ಷಣವೆಂದರೆ ಬುಡದ ಮೇಲೆ ನಾಲ್ಕು ಬೆರಳಿನಷ್ಟು ಮೋಟು ಉಳಿದಿರುವುದು, ಮೋಟಿನ ಬಾಯಿ ಹಿಂದಕ್ಕೆ ತಿರುಗಿರುವುದು.

ದನಹತವನ್ನು ಮೂಡಲಗಿಯ ದನದ ಸಂತೆಯಲ್ಲಿ ಅಭ್ಯಾಸ ಮಾಡಬೇಕು. ನಿಂತ ಪಿಕಪ್ಪಿನ ಮೂಲೆ ಎಮ್ಮೆಯ ಕುತ್ತಿಗೆಗೆ ಸರಿಯಾದ ಎತ್ತರದಲ್ಲಿರುತ್ತದೆ. ಎಮ್ಮೆ ಕುತ್ತಿಗೆ ತುರಿಸಿಕೊಳ್ಳಲು ಅವಸರ ಮಾಡುವುದಿಲ್ಲ. ಆದ್ದರಿಂದ ಇಲ್ಲಿ ಕಡ್ಡಿ ಮುರಿಯದು, ತಿರುಚಿ ಬುಡ ಸಡಿಲಾಗುತ್ತದೆ. ಹೊರಗಿನಿಂದ ಎಲ್ಲ ನೆಟ್ಟಗೆ. ಕಬ್ಬುಹತಕ್ಕಿಂತ ಇದು ಕುಟಿಲ ಎಂದು ನನ್ನ ಮತ.

ಜಾಲಿಹತ, ಹುಡುಗಹತ ಇವೆರಡರ ಹೆಸರೇ ಅವುಗಳ ವ್ಯಾಖ್ಯಾನ. ಕಡೆಯದು ಸ್ವಯಂಭಗ್ನ: ಯಾರ ಕೈಯೂ ಸೋಕದೆ, ಮಳೆನೀರು ಬುಡದೊಳಗೆ ಇಳಿದು, ಜಂಗು ಹತ್ತಿ, ಒಂದು ದಿನ ಸುಮ್ಮನೆ ಕೆಡುವುದು. ಹಿಡಕಲ್ ಅಣೆಕಟ್ಟಿನ ಹತ್ತಿರದ ವಾಹನಗಳಿಗೆ ಇದು ಹೆಚ್ಚು ಎಂದು ಒಬ್ಬರು ವಾದಿಸಿದರು. ಅಣೆಕಟ್ಟಿನ ನೀರು ಕಾಲುವೆಯಲ್ಲಿ ಹೋಗುತ್ತದೆ, ಮಡ್‌ಗಾರ್ಡಿನಲ್ಲಿ ಅಲ್ಲ. ಈ ವಾದ ನಿಲ್ಲದು.

ಈಗ ಪೂರ್ವಪಕ್ಷ. ಪೆನ್‌ಡ್ರೈವ್ ಇದೆ, ಮೊಬೈಲ್ ಇದೆ, ಊರೂರಿನ ಜಾನಪದ ಹಾಡು ಅದರಲ್ಲೇ ಸಿಗುತ್ತದೆ. ಮುರಿದ ಏರಿಯಲ್ಲಿಗೆ ಚಿಕಿತ್ಸೆ ಏಕೆ? ಸಿದ್ಧಾಂತ: ಪೆನ್‌ಡ್ರೈವ್ ನಾವು ತುಂಬಿದ್ದನ್ನೇ ತಿರುಗಿ ಹಾಡುತ್ತದೆ. ಕುಳಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಬೆಳತನಕ ಕೂತು ಕೇಳಿದ ಸೀಮೆಯಿದು. ಮುಂದೆ ಏನು ಬರುತ್ತದೋ ಗೊತ್ತಿಲ್ಲದೆ ಕೇಳುವ ರುಚಿ ಇಲ್ಲಿಯ ಕಿವಿಗೆ ಹಳೆಯದು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾದಾಗಿನಿಂದ ಆ ರುಚಿಗೆ ಒಂದು ನೆಲೆಯೂ ಆಯಿತು. ಹುಕ್ಕೇರಿ ಕಡೆಯ ಡ್ರೈವರು ಧಾರವಾಡದ ಮುಳ್ಳನ್ನು ಬಲಕ್ಕೆ ಸರಿಸುತ್ತ ಹೋದರೆ ಸಾಂಗಲಿಯ ಮರಾಠಿ ಹಾಡು. ಸಂಕೇಶ್ವರದ ಏರಿಯಲ್ಲು ಗಡಿ ಕುರಿತ ಮಹಾಜನ ವರದಿಯನ್ನು ಓದಿಲ್ಲ.

ಕಡ್ಡಿ ಎಷ್ಟುದ್ದ ಇರಬೇಕು? ಲೋಹದ ಬಾಡಿಯ ಮೇಲೆ ನಿಲ್ಲಿಸುವ ಕಡ್ಡಿ ಅಲೆಯ ಕಾಲುಭಾಗದಷ್ಟಿದ್ದರೆ ಉತ್ತಮ ಎಂಬುದು ಈ ವಿದ್ಯೆಯ ಮೂಲಮಾತು. ಎಫ್‌ಎಂ 100 ಮೆಗಾಹರ್ಟ್ಸ್ ಆಸುಪಾಸಿನದು, ಅಲೆಯ ಉದ್ದ 3 ಮೀಟರು, ಕಾಲುಭಾಗ 75 ಸೆಂಟಿಮೀಟರು. ಅಂಗಡಿಯ ಕಡ್ಡಿಗಳು ಹೆಚ್ಚುಕಡಿಮೆ ಅಷ್ಟೇ ಇರುವುದು ಅದಕ್ಕೇ. ಧಾರವಾಡದ ಮಧ್ಯಮ ತರಂಗ 765 ಕಿಲೋಹರ್ಟ್ಸ್. ಅದರ ಅಲೆಯ ಉದ್ದ 392 ಮೀಟರು, ಕಾಲುಭಾಗ 98 ಮೀಟರು. ಗೋಕಾಕ ಜಲಪಾತ 52 ಮೀಟರು ಎತ್ತರ. ಅಂದರೆ ಶಾಸ್ತ್ರೋಕ್ತವಾಗಿ ಧಾರವಾಡ ಕೇಳಬೇಕಾದರೆ ಪಿಕಪ್ಪಿನ ಮೇಲೆ ಒಂದರ ಮೇಲೊಂದು ಎರಡು ಜಲಪಾತದಷ್ಟು ಕಡ್ಡಿ ನಿಲ್ಲಿಸಿ, ತುದಿಯಲ್ಲಿ 6 ಮೀಟರು ಕತ್ತರಿಸಬೇಕು. ಹೀಗಿದ್ದೂ ಮುಕ್ಕಾಲು ಮೀಟರಿನ ಕಡ್ಡಿಯಲ್ಲಿ ಧಾರವಾಡ ಕೇಳುವುದು ಹೇಗೆ? ಅಲ್ಲಿಯ ಟ್ರಾನ್ಸ್‌ಮೀಟರು 200 ಕಿಲೋವ್ಯಾಟಿನದು, ಅದರ ಅಲೆ ನೆಲ ಹಿಡಿದೇ ಬರುತ್ತದೆ, ಗುಡ್ಡ ಅಡ್ಡ ಬಂದರೂ ಬಳಸಿಕೊಂಡು ಬರುತ್ತದೆ. ಎಫ್‌ಎಂಗೆ ಆ ಸೌಜನ್ಯವಿಲ್ಲ, ಅದು ನೇರ ದೃಷ್ಟಿಯದು. ಜಲಪಾತದ ಹತ್ತಿರದ ತಗ್ಗಿಗೆ ಗಾಡಿ ಇಳಿದರೆ ಹಾಡೂ ಇಳಿಯುತ್ತದೆ. ಅಲ್ಲಿ ಏರಿಯಲ್ಲನ್ನು ಅನುಮಾನಿಸಬಾರದು.

ಇನ್ನು ಪ್ರತಿನಿಧಿಭೇದ. ಯಜ್ಞಕ್ಕೆ ಸೋಮಲತೆ ಸಿಗದಿದ್ದರೆ ಪೂತೀಕವನ್ನು ಬಳಸಬಹುದೆಂದು ಮೀಮಾಂಸಕರು ಒಪ್ಪಿದ್ದಾರೆ. ಅದೇ ನ್ಯಾಯದಿಂದ ನಮ್ಮವರು ಮೋಟಿಗೆ ಸೈಕಲ್ಲಿನ ಸ್ಪೋಕು, ಕೊಡೆಕಡ್ಡಿ, ಬೈಂಡಿಂಗ್ ತಂತಿ, ಹಿತ್ತಾಳೆ ವೆಲ್ಡಿಂಗ್ ಕಡ್ಡಿ ಕಟ್ಟುತ್ತಾರೆ. ಸ್ಪೋಕು ಸುಮಾರು 30 ಸೆಂಟಿಮೀಟರು, ಗಿಡ್ಡಾಯಿತು. ದೊಡ್ಡ ಕರಿ ಕೊಡೆಯ ಕಡ್ಡಿ 60 ದಾಟುತ್ತದೆ, ಎಫ್‌ಎಂಗೆ ಸಾಕು. ಮಳೆಗಾಲದಲ್ಲಿ ಮನೆಯವರು ಕೊಡೆ ಹುಡುಕುವವರೆಗೆ ಉತ್ತಮ. ಬೈಂಡಿಂಗ್ ತಂತಿ ಗಾಳಿಗೆ ನಿಲ್ಲದು. ಹಿತ್ತಾಳೆ ಕಡ್ಡಿಯನ್ನು ಬೇಕಾದ ಅಳತೆಗೆ ಕತ್ತರಿಸಬಹುದು, ಜಂಗು ಹತ್ತದು. ಪ್ರತಿನಿಧಿಗಳಲ್ಲಿ ಅದಕ್ಕೇ ಮೊದಲ ಮಣೆ. ಮೀನಿನ ರೆಕ್ಕೆಯಂಥದೊಂದನ್ನು ಛತ್ತಿಗೆ ಅಂಟಿಸಿಕೊಂಡು ಓಡಾಡುವವರಿದ್ದಾರೆ. ಅಗ್ಗದವುಗಳ ಕೆಳಗೆ ತಂತಿಯೇ ಇರುವುದಿಲ್ಲ, ಬರಿ ಅಂಟು. ಅದು ಪ್ರತಿನಿಧಿಯಲ್ಲ, ವೇಷ.

ಸೂತ್ರ: ಬುಡ ಒಣಗಿದರೆ ಕಡ್ಡಿ ಚಿಗುರದು.

ವೃತ್ತಿ: ಏರಿಯಲ್ಲಿನ ಅರ್ಧ ಗಾಡಿಯ ಬಾಡಿಯೇ. ಬಾಲದೊಳಗೆ ಎರಡು ದಾರಿಗಳಿವೆ: ನಡುವಿನ ತಂತಿ ಕಡ್ಡಿಗೆ, ಸುತ್ತಲಿನ ಜಾಲರಿ ಬಾಡಿಗೆ. ಬುಡದ ಕೆಳಗೆ ಬಣ್ಣ, ಪುಟ್ಟಿ, ಜಂಗು ಕೂತು ಜಾಲರಿಗೂ ಬಾಡಿಗೂ ನಂಟು ಕಡಿದರೆ ಚಿನ್ನದ ಕಡ್ಡಿ ತಂದರೂ ಸುಂಯ್ ಎನ್ನುತ್ತದೆ, ಗಾಡಿಯ ಸದ್ದೆಲ್ಲ ಸ್ಪೀಕರಿಗೆ ಬರುತ್ತದೆ. ಹಳೆಯ ಪೆಟ್ರೋಲ್ ಜೀಪಿನಲ್ಲಿ ಪ್ಲಗ್ಗಿನ ಕಿಡಿ ಚಟಚಟ ಎನ್ನುತ್ತಿತ್ತು. ಡೀಸೆಲ್ ಪಿಕಪ್ಪಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ, ಆದರೆ ಆಲ್ಟರ್ನೇಟರಿನ ಶಿಳ್ಳೆ ಉಂಟು: ಎಕ್ಸಲೇಟರ್ ಒತ್ತಿದಂತೆ ಸ್ವರ ಏರಿದರೆ ಅದೇ.

ಪ್ರಯೋಗ: ಗೋಕಾಕದ ಒಂದು ಶೆಡ್ಡು. ಮಾಲಕರು ಹೊಸ ಕಡ್ಡಿ ಕೈಯಲ್ಲಿ ಹಿಡಿದೇ ಬಂದಿದ್ದಾರೆ. ವಾಯರಿಂಗ್ ಹುಡುಗ ಅದರ ಕಡೆ ನೋಡದೆ ರೇಡಿಯೊ ಹೊರಗೆಳೆದು, ಬಾಲದ ತುದಿ ಕಿತ್ತು, ಮೀಟರಿನ ಒಂದು ಮುಳ್ಳನ್ನು ತುದಿಯ ನಡುಮೊಳೆಗೆ, ಇನ್ನೊಂದನ್ನು ಕಡ್ಡಿಗೆ ಹಿಡಿದ. ಮೀಟರು ಕುಂಯ್ ಅಂದಿತು. ನಡುಮೊಳೆಗೂ ಬಾಡಿಗೂ ಹಿಡಿದ, ಸದ್ದಿಲ್ಲ, ಇರಬಾರದು ಕೂಡ. ತುದಿಯ ಹೊರಗಿನ ಬಳೆಗೂ ಬಾಡಿಗೂ ಹಿಡಿದ, ಅಲ್ಲೂ ಸದ್ದಿಲ್ಲ.

"ಮಾಲಕ್ರ, ಕಡ್ಡಿ ಛಲೋ ಐತ್ರಿ. ಬುಡಕ್ಕ ಜಂಗ ಹತ್ತಿ ಅರ್ಥಿಂಗ್ ಹೋಗೇತಿ."

"ಅದಿರ್ಲಿ ತಮ್ಮಾ, ಕಡ್ಡಿ ತಂದೀನಿ, ಹಾಕಿಬಿಡು."

"ಹಾಕ್ತೀನ್ರಿ. ಆಮ್ಯಾಲೆ ಸುಂಯ್ ಅಂತಂದ್ರ ನನಗ ಬೈಬ್ಯಾಡ್ರಿ."

ಹಾಕಿದ, ಆದರೆ ಕ್ರಮದಿಂದ. ಹಳೆಯ ಬಾಲದ ತುದಿಗೆ ಸುತಳಿ ಕಟ್ಟಿ ಹೊರಗೆಳೆದ; ಬಾಲ ಹೊರಬಂದ ದಾರಿಯಲ್ಲಿ ಸುತಳಿ ಉಳಿಯಿತು, ಅದಕ್ಕೇ ಹೊಸ ಬಾಲ ಕಟ್ಟಿ ಒಳಗೆಳೆದುಕೊಂಡ. ಈ ಸುತಳಿ ಮರೆತವರು ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾಗುತ್ತದೆ. ತೂತಿನ ಸುತ್ತ, ತಗಡಿನ ಒಳಮೈಗೆ, ಪಾಲಿಶ್ ಪೇಪರಿನಿಂದ ಬಣ್ಣ ಕೆರೆದು ಉಕ್ಕು ಮಿಂಚುವಂತೆ ಮಾಡಿದ. ಹಲ್ಲಿನ ವಾಷರನ್ನು ಆ ಮಿಂಚಿಗೆ ಕಚ್ಚುವಂತೆ ಕೂರಿಸಿ ನಟ್ಟು ಬಿಗಿದು, ಮೇಲೆ ಬೆರಳಿನಿಂದ ಗ್ರೀಸು ಸವರಿದ. ಬಾಲ ಒಳಹೋಗುವ ತೂತಿಗೆ ರಬ್ಬರು ಹಾಕಿ, ಅದರ ಮುಂಚೆ ಬಾಲವನ್ನು ಸ್ವಲ್ಪ ಕೆಳಗೆ ಜೋತುಬಿಟ್ಟ. ಮಳೆನೀರು ಅಲ್ಲಿಂದಲೇ ಹನಿದುಹೋಗಲಿ, ಒಳಗೆ ಹರಿಯದಿರಲಿ ಎಂದು. ಗ್ರಂಥ ಓದದ ಕೈ ಇಷ್ಟು ಶಾಸ್ತ್ರಶುದ್ಧವಾಗಿರುವುದನ್ನು ಕಂಡು ಗ್ರಂಥಕಾರನಿಗೆ ಕೊಂಚ ಕಸಿವಿಸಿಯೂ ಆಯಿತು.

ಮುಳ್ಳು ತಿರುಗಿಸುವ ಹಳೆಯ ರೇಡಿಯೊಗಳಿಗೆ ಇನ್ನೊಂದು ಸಂಸ್ಕಾರ ಉಳಿದಿದೆ. ಬಾಲ ಸಿಕ್ಕಿಸುವ ಜಾಗದ ಹತ್ತಿರ ಒಂದು ಸಣ್ಣ ಸ್ಕ್ರೂ ಇರುತ್ತದೆ, ಟ್ರಿಮ್ಮರ್. ಮಧ್ಯಮ ತರಂಗದ ಬಲತುದಿಯಲ್ಲಿ, 1400ರ ಆಸುಪಾಸಿಗೆ, ಸಣ್ಣಗೆ ಕೇಳುವ ಯಾವುದಾದರೂ ಕೇಂದ್ರ ಹಿಡಿದು, ದನಿ ಅತಿ ಜೋರಾಗುವ ಕಡೆ ಸ್ಕ್ರೂ ನಿಲ್ಲಿಸಬೇಕು. ಜೋರು ಕೇಂದ್ರ ಹಿಡಿದರೆ ವ್ಯತ್ಯಾಸ ತಿಳಿಯದು. ಹೊಸ ಏರಿಯಲ್ಲಿಗೆ ರೇಡಿಯೊದ ಒಪ್ಪಿಗೆ ಸಿಗುವುದು ಇಲ್ಲಿ. ಇದನ್ನು ರಾತ್ರಿ ಮಾಡಬಾರದು: ಕತ್ತಲಾದ ಮೇಲೆ ಮಧ್ಯಮ ತರಂಗ ಆಕಾಶದ ಅಯಾನುಗೋಳಕ್ಕೆ ಬಡಿದು ನೂರಾರು ಕಿಲೋಮೀಟರು ದೂರಕ್ಕೆ ಇಳಿಯುತ್ತದೆ. ಆಗ ಹುಕ್ಕೇರಿಯಲ್ಲಿ ಯಾವ ಊರು ಮಾತಾಡುತ್ತಿದೆ ಎಂದು ಹೇಳುವುದು ಕಷ್ಟ, ದನಿಯೂ ತಾನಾಗಿ ಏರಿಳಿಯುತ್ತದೆ.

ಶೇಷಪ್ರಕರಣ. ರೇಡಿಯೊ ಕಿತ್ತು ಎಷ್ಟೋ ಕಾಲವಾದರೂ ಏರಿಯಲ್ಲು ಉಳಿದಿರುವ ಗಾಡಿಗಳೂ ಇವೆ; ಅವಕ್ಕೂ ಮಾಲಕರು ಹೊಸ ಕಡ್ಡಿ ಹಾಕಿಸುತ್ತಾರೆ. ನವೆಂಬರ್ 1ರಂದು ಬೆಳಗಾವಿಯ ರಾಜ್ಯೋತ್ಸವದ ಮೆರವಣಿಗೆಗೆ ಹಳದಿ-ಕೆಂಪು ಬಾವುಟ ಕಟ್ಟಲು, ಜಾತ್ರೆಗೆ ಗೊಂಡೆ ಕಟ್ಟಲು. ಇವನ್ನು ಧ್ವಜಸ್ಥ ಎಂದು ಕರೆಯತಕ್ಕದ್ದು. ಇವಕ್ಕೆ ಅರ್ಥಿಂಗಿನ ವಿಧಿ ಅನ್ವಯಿಸದು, ಬಣ್ಣ ಕೆರೆಯುವ ಅಗತ್ಯವೂ ಇಲ್ಲ. ಎಳೆದು ಉದ್ದ ಮಾಡುವ ಕಡ್ಡಿ ಬೇಡ, ಬಾವುಟದ ಜಗ್ಗಿಗೆ ಅದು ಸಂದಿನಲ್ಲಿ ಮಡಚುತ್ತದೆ. ಒಂದೇ ತುಂಡಿನದನ್ನು ತಂದು, ಬುಡಕ್ಕೆ ಎರಡು ನಟ್ಟು ಹಾಕಿಸುವುದು.