ಪಕ್ಕವಾದ್ಯ-ಶ್ರವಣ-ಮೀಮಾಂಸೆ

ಗಾಯಕರು ಹಾಡುತ್ತಾರೆ, ಪಿಟೀಲಿನವರು ನುಡಿಸುತ್ತಾರೆ ಎಂಬುದು ಲೋಕರೂಢಿ. ಇದರಲ್ಲಿ ಅರ್ಧ ತಪ್ಪಿದೆ ಎಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಗಾಯಕರು ಹಾಡುತ್ತಾರೆ ಎಂಬಷ್ಟಕ್ಕೆ ನಮ್ಮ ತಕರಾರಿಲ್ಲ. ಆದರೆ ಪಿಟೀಲಿನವರು ಎರಡೂವರೆ ಗಂಟೆ ಕೂತು ಮಾಡುವ ಮುಖ್ಯ ಕೆಲಸ ನುಡಿಸುವುದಲ್ಲ, ಕೇಳುವುದು. ನುಡಿಸುವುದೆಂದರೆ ಕೇಳಿದ್ದಕ್ಕೆ ಕೊಡುವ ರಸೀದಿ.

ಇಂಥ ಮಹತ್ವದ ವಿಷಯವನ್ನು ಪೂರ್ವಸೂರಿಗಳು ಹೇಗೆ ಕೈಬಿಟ್ಟರೆಂಬುದು ಆಶ್ಚರ್ಯ. ನಾದದ ಮೇಲೆ, ಶ್ರುತಿಯ ಮೇಲೆ, ಗಮಕದ ಮೇಲೆ ಗ್ರಂಥರಾಶಿಯೇ ಇದೆ. ಕನ್ನಡ ಮನೆತನದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ 17ನೆಯ ಶತಮಾನದಲ್ಲಿ ತಂಜಾವೂರಿನಲ್ಲಿ ಕೂತು 72 ಮೇಳಗಳ ಲೆಕ್ಕ ಒಪ್ಪಿಸಿದ. ಒಬ್ಬರು ಹಾಡುವಾಗ ಪಕ್ಕದವರು ಏನು ಮಾಡುತ್ತಿರಬೇಕು ಎಂಬ 73ನೆಯ ಸಮಸ್ಯೆಯನ್ನು ಮುಟ್ಟಲಿಲ್ಲ. ಆಗಿನ್ನೂ ಪಿಟೀಲು ನಮ್ಮ ವೇದಿಕೆ ಹತ್ತಿರಲಿಲ್ಲವಾದ್ದರಿಂದ ಈ ಲೋಪವನ್ನು ಮನ್ನಿಸಬಹುದು. ಆಧಾರ ಗ್ರಂಥಗಳ ಅಭಾವದಲ್ಲಿ ನಾವು ಸಭಾಂಗಣದ ಪಂಥಗಳನ್ನೇ ಆಶ್ರಯಿಸಿದ್ದೇವೆ. ಮುಂದಿನ ಸಾಲಿನ ಆಚಾರ್ಯರು ತೊಡೆಯ ಮೇಲೆ ತಾಳ ಹಾಕುತ್ತಾ ಪಕ್ಕದವರಿಗೆ ರಾಗದ ಹೆಸರು ಪಿಸುಗುಟ್ಟುವವರು. ಕಂಬದ ಮರೆಯವರು ಕಣ್ಣು ಮುಚ್ಚಿರುತ್ತಾರೆ. ಅದು ಧ್ಯಾನವೋ ನಿದ್ದೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮೂರನೆಯದು ಕ್ಯಾಂಟೀನ್ ಸಂಪ್ರದಾಯ. ಈ ಪಂಥದವರು ತನಿ ಆವರ್ತನಕ್ಕೆ ಎದ್ದು ಹೋಗಿ, ಕಾಫಿಯ ಜೊತೆ ಇಡೀ ಕಚೇರಿಯ ವಿಮರ್ಶೆ ಮುಗಿಸಿ ಬರುತ್ತಾರೆ.

ಮೊದಲು ಇತಿಹಾಸ. ಪಿಟೀಲನ್ನು ಪಕ್ಕಕ್ಕೆ ಕೂರಿಸಿದವರು ನಾವು ಎಂದು ಕೆಲವರು ಕೊರಗುವುದುಂಟು. ಕೊರಗಬೇಕಾಗಿಲ್ಲ, ಅದು ಬರುವಾಗಲೇ ಆ ಅಭ್ಯಾಸ ಮಾಡಿಕೊಂಡು ಬಂದಿತ್ತು. ಮೊಜಾರ್ಟ್ 1778ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದ ಆರು ಸೊನಾಟಾಗಳ ಮುಖಪುಟದಲ್ಲಿ ಪಿಯಾನೋದ ಹೆಸರು ಮೊದಲು, ಪಿಟೀಲು ಅದಕ್ಕೆ ಪಕ್ಕವಾದ್ಯ. ಅದೇ ಮೊಜಾರ್ಟ್ 1784ರಲ್ಲಿ ರೆಜಿನಾ ಸ್ತ್ರಿನಸಾಕಿ ಎಂಬ ಇಟಲಿಯ ಪಿಟೀಲು ವಿದುಷಿಗಾಗಿ ಒಂದು ಸೊನಾಟಾ ರಚಿಸಿದ. ಏಪ್ರಿಲ್ 29ರಂದು ವಿಯೆನ್ನಾದಲ್ಲಿ ಕಚೇರಿ. ಆಕೆಯ ಭಾಗ ಹೇಗೋ ಕಾಗದಕ್ಕಿಳಿಯಿತು. ತನ್ನ ಪಿಯಾನೋ ಭಾಗ ಬರೆದುಕೊಳ್ಳಲು ಈ ಮಹಾಶಯನಿಗೆ ಪುರುಸೊತ್ತಾಗಲಿಲ್ಲ. ಹೆಚ್ಚುಕಡಿಮೆ ಖಾಲಿ ಹಾಳೆಯನ್ನೇ ಎದುರಿಗಿಟ್ಟುಕೊಂಡು ನುಡಿಸಿದ, ಚಕ್ರವರ್ತಿ ಎರಡನೆಯ ಜೋಸೆಫ್ ದುರ್ಬೀನಿನಲ್ಲಿ ಅದನ್ನು ಪತ್ತೆಹಚ್ಚಿದ ಎಂಬ ಕಥೆಯಿದೆ. ಹಸ್ತಪ್ರತಿಯಲ್ಲಿ ಎರಡು ಭಾಗಗಳ ಮಸಿ ಬೇರೆ ಬೇರೆಯಾಗಿರುವುದರಿಂದ ಕಥೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಎದುರಿಗೆ ಕಾಗದವಿಲ್ಲದವನು ಪಕ್ಕದವಳನ್ನು ಕೇಳಲೇಬೇಕು. ಇದು ನಮ್ಮ ಪ್ರಥಮ ಪ್ರಮಾಣ. (ನಮ್ಮ ವೇದಿಕೆಯ ಮೇಲೆ ಈಗ ಐಪ್ಯಾಡ್ ಬಂದಿದೆ. ಅದರ ಚರ್ಚೆ ಇಲ್ಲಿ ಬೇಡ, ವಿದ್ವಾಂಸರು ಬೇಸರ ಮಾಡಿಕೊಂಡಾರು.)

ದ್ವಿತೀಯ ಪ್ರಮಾಣ ಬೆಥೋವನ್. 1803ರ ಮೇ 24, ಬೆಳಗಿನ ಎಂಟು ಗಂಟೆಗೆ ಕಚೇರಿ. ಪ್ರಾತಃಕಾಲದ ಕಚೇರಿ ನಮ್ಮ ಸೊತ್ತು ಎಂದುಕೊಂಡವರು ಗಮನಿಸಬೇಕು. ಪಿಟೀಲು ಜಾರ್ಜ್ ಬ್ರಿಜ್‌ಟವರ್. ಸೊನಾಟಾ ಬರೆದು ಮುಗಿಸಿದ್ದೇ ತಡವಾದ್ದರಿಂದ ಎರಡನೆಯ ಭಾಗಕ್ಕೆ ಆತ ಬೆಥೋವನ್ನನ ಹಸ್ತಪ್ರತಿಯನ್ನೇ ಇಣುಕಿ ನೋಡಬೇಕಾಯಿತು. ಅದಿರಲಿ. ಮೊದಲ ಭಾಗದಲ್ಲಿ ಪಿಯಾನೋ ಒಂದೆಡೆ ಒಂಟಿಯಾಗಿ ಮೇಲಕ್ಕೆ ಹಾರಿ ಕೆಳಗಿಳಿಯುತ್ತದೆ. ಅದನ್ನು ಕೇಳಿಸಿಕೊಂಡ ಬ್ರಿಜ್‌ಟವರ್, ತನ್ನ ಕಾಗದದಲ್ಲಿ ಇಲ್ಲದಿದ್ದರೂ, ಅದೇ ಹಾರಾಟವನ್ನು ಪಿಟೀಲಿನಲ್ಲಿ ತೆಗೆದು ತೋರಿಸಿದ. ಬೆಥೋವನ್ ಎದ್ದು ಬಂದು ಅಪ್ಪಿಕೊಂಡು ಇನ್ನೊಮ್ಮೆ ಆಗಲಿ ಎಂದನಂತೆ. ಹಾಗೆಂದು ಬ್ರಿಜ್‌ಟವರನೇ ಬರೆದಿಟ್ಟಿದ್ದಾನೆ. ಆಮೇಲೆ ಇಬ್ಬರಿಗೂ ಜಗಳವಾಯಿತು, ಹುಡುಗಿಯೊಬ್ಬಳ ವಿಷಯಕ್ಕೆ ಎಂದು ಬ್ರಿಜ್‌ಟವರನ ವಾದ. ಕೃತಿಯ ಅರ್ಪಣೆ ಪ್ಯಾರಿಸ್ಸಿನ ಕ್ರೂಟ್ಸರ್ ಎಂಬ ಇನ್ನೊಬ್ಬ ಪಿಟೀಲು ವಿದ್ವಾಂಸನ ಪಾಲಾಯಿತು. ಆತ ಅದನ್ನು ಸಭೆಯಲ್ಲಿ ಒಂದು ಸಲವೂ ನುಡಿಸಲಿಲ್ಲ. ಕೃತಿ ಮಾತ್ರ ಇಂದಿಗೂ ಅವನ ಹೆಸರಿನಲ್ಲೇ ಓಡಾಡುತ್ತಿದೆ. ಕೇಳಿದವನಿಗೆ ಅಪ್ಪುಗೆ, ಕೇಳದವನಿಗೆ ಕೀರ್ತಿ. ಪಕ್ಕವಾದ್ಯದ ಅರ್ಥಶಾಸ್ತ್ರ ಅಂದೇ ನಿಗದಿಯಾಗಿಹೋಗಿತ್ತು.

ಇತ್ತ ಮದರಾಸಿನ ಕಡೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ ಗುರುಗಳಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ನಿಂತು ನುಡಿಸುತ್ತಿದ್ದ ವಾದ್ಯ ಚಕ್ಕಳಮಕ್ಕಳ ಹಾಕಿ ಕೂತಿತು; ಅದರ ತಲೆ ಬಲಗಾಲಿನ ಮೇಲೆ ಒರಗಿತು. ಭಂಗಿ ಬದಲಾಯಿತು, ಹುದ್ದೆ ಬದಲಾಗಲಿಲ್ಲ.

ಇನ್ನು ಪ್ರಧಾನ ಪ್ರಕರಣ. ವಿಯೆನ್ನಾದವರಿಗೆ ಅರ್ಧ ಕಾಗದವಾದರೂ ಇತ್ತು. ನಮ್ಮಲ್ಲಿ ಗಾಯಕರು ಮತ್ತು ಪಿಟೀಲಿನವರು ಒಟ್ಟಿಗೆ ಅಭ್ಯಾಸ ಮಾಡುವುದು ಅಪರೂಪ; ಎಷ್ಟೋ ಸಲ ಒಬ್ಬರನ್ನೊಬ್ಬರು ನೋಡುವುದೇ ಗ್ರೀನ್ ರೂಮಿನಲ್ಲಿ. ಅಲ್ಲಿ ನಡೆಯುವ ಶಾಸ್ತ್ರಚರ್ಚೆ ಇಷ್ಟು:

"ಶ್ರುತಿ ಒಂದೋ, ಒಂದೂವರೆಯೋ ಸಾರ್?"

"ಒಂದೇ ಇಟ್ಕೊಳ್ಳಿ, ಗಂಟಲು ಸ್ವಲ್ಪ ಕೆಟ್ಟಿದೆ."

"ಮೇನ್ ಯಾವುದು ತಗೋತೀರಿ?"

"ನೋಡೋಣ, ಆವಾಗ ಏನು ತೋಚುತ್ತೋ."

ಈ 'ನೋಡೋಣ'ದಲ್ಲಿ ಪಿಟೀಲಿನವರ ಸಂಜೆಯ ಭವಿಷ್ಯ ಅಡಗಿದೆ. ಗಾಯಕರು ರಾಗವನ್ನು ಸಾರಿ ಹೇಳುವುದಿಲ್ಲ, ಶುರುಮಾಡಿಬಿಡುತ್ತಾರೆ. ಮೊದಲ ಎಳೆ ಕಿವಿಗೆ ಬಿದ್ದಾಗ ಅದು ದರ್ಬಾರೋ ನಾಯಕಿಯೋ, ಆರಭಿಯೋ ದೇವಗಾಂಧಾರಿಯೋ, ಭೈರವಿಯೋ ಮಾಂಜಿಯೋ ತಿಳಿಯುವವರೆಗೆ ಪಿಟೀಲಿನವರಿಗೆ ಷಡ್ಜವೇ ಗತಿ. ಕಮಾನನ್ನು ತಂತಿಗೆ ಸುಮ್ಮನೆ ತಾಗಿಸಿಟ್ಟು, ಮುಖದಲ್ಲಿ ಅಪಾರ ಶಾಂತಿ ತಂದುಕೊಂಡು, ಷಡ್ಜವೊಂದನ್ನೇ ಎಳೆಯುತ್ತಾರೆ. ಸಭಿಕರು ಇದನ್ನು ಶ್ರುತಿಶುದ್ಧಿ ಎಂದು ತಿಳಿದು ತಲೆದೂಗುತ್ತಾರೆ. ಮುಂದಿನ ಸಾಲಿನ ಆಚಾರ್ಯರು ಅಷ್ಟರೊಳಗೆ ಕೈಚೀಲದಿಂದ ರಾಗಗಳ ಕಿರುಪುಸ್ತಕ ತೆಗೆದು ಪುಟ ತಿರುವುತ್ತಿರುತ್ತಾರೆ. ಆ ಸೌಲಭ್ಯ ಪಿಟೀಲಿನವರಿಗಿಲ್ಲ, ಎರಡೂ ಕೈಗೆ ಕೆಲಸವಿದೆ.

ರಾಗ ಸಿಕ್ಕಿದ ಮೇಲೆ ಕಷ್ಟ ಮುಗಿಯಿತು ಎಂದು ಕ್ಯಾಂಟೀನ್ ಸಂಪ್ರದಾಯದ ಪೂರ್ವಪಕ್ಷ. ಅವರು ಹೇಳುತ್ತಾರೆ: "ಗಾಯಕರು ಹಾಡಿದ್ದನ್ನೇ ಇವರು ಕಾಪಿ ಹೊಡೀತಾರೆ, ಅದರಲ್ಲೇನು?" ಇದು ಕೇಳದೆ ಆಡಿದ ಮಾತು. ಆಲಾಪನೆಯಲ್ಲಿ ಪಿಟೀಲು ಗಾಯಕರ ಹಿಂದೆ ಒಂದು ಕೂದಲೆಳೆಯಷ್ಟು ಅಂತರದಲ್ಲಿ ಬರುತ್ತದೆ. ಇನ್ನೂ ಹಿಂದೆ ಬಿದ್ದರೆ ಪ್ರತಿಧ್ವನಿ, ಮುಂದೆ ಹೋದರೆ ಅಧಿಕಪ್ರಸಂಗ. ಆ ಅಂತರದಲ್ಲಿ ಉಳಿಯಬೇಕಾದರೆ ಹಾಡಿ ಮುಗಿದದ್ದನ್ನು ಕೇಳಿದರೆ ಸಾಲದು, ಇನ್ನೂ ಹಾಡದಿರುವುದು ಕೇಳಿಸಬೇಕು. ಅದಕ್ಕೆ ಕಿವಿಯೊಂದು ಸಾಕಾಗುವುದಿಲ್ಲ. ಗಾಯಕರ ಹೆಗಲು ಕೊಂಚ ಏರಿದರೆ ತಾರಸ್ಥಾಯಿಗೆ ಹೋಗುವ ಸೂಚನೆ. ಅಂಗೈ ಮೇಲ್ಮುಖವಾಗಿ ಗಾಳಿಯಲ್ಲಿ ಏನನ್ನೋ ತೂಗತೊಡಗಿದರೆ ಗಾಂಧಾರದಲ್ಲಿ ನಿಲ್ಲುತ್ತಾರೆ. ಗಂಟಲಿನ ಗಂಟು ಮೇಲೆದ್ದು ಅಲ್ಲೇ ನಿಂತಿದೆಯೆಂದರೆ ಬರುವುದು ಬಿರ್ಕಾ, ಕೆಮ್ಮೂ ಇರಬಹುದು. ಪಿಟೀಲಿನವರು ಪಕ್ಕಕ್ಕೆ ಓರೆಯಾಗಿ ಕೂರುವುದು ವಿನಯದಿಂದ ಎಂಬುದು ಜನಾಭಿಪ್ರಾಯ. ಗಂಟಲು ಕಾಣಲಿ ಎಂಬುದು ನಮ್ಮ ಸಿದ್ಧಾಂತ. ಇಷ್ಟೂ ಬೇಹುಗಾರಿಕೆಯನ್ನು ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯಲ್ಲಿ, ಆಚೆ ರಸ್ತೆಯ ಬಸ್ಸುಗಳ ಹಾರ್ನಿನ ನಡುವೆ ಮಾಡುವವರನ್ನು ಕಂಡರೆ ಸಂಶೋಧಕನಿಗೂ ಕೈಮುಗಿಯಬೇಕೆನಿಸುತ್ತದೆ.

ಆಮೇಲೆ ಪಿಟೀಲಿನ ಪಾಳಿ. ಗಾಯಕರು ಇಪ್ಪತ್ತು ನಿಮಿಷ ಹಾಡಿದರೆ ಪಿಟೀಲಿನವರು ಎಷ್ಟು ಹೊತ್ತು ನುಡಿಸಬೇಕು? ಬರೆದಿಟ್ಟ ನಿಯಮವಿಲ್ಲ. ಹೊಸ ಅಳಿಯ ಮಾವನ ಪಂಕ್ತಿಯಲ್ಲಿ ಉಂಡಂತೆ ಇದು: ತೀರ ಕಡಿಮೆಯಾದರೆ ಬಡಿಸಿದವರಿಗೆ ಅವಮಾನ, ಮಾವನಿಗಿಂತ ಹೆಚ್ಚಾದರೆ ಊರೆಲ್ಲ ಸುದ್ದಿ.

ಈ ಪಾಳಿಯಲ್ಲಿ ಗಾಯಕರು ಏನು ಮಾಡುತ್ತಾರೆ? ಸಿದ್ಧಾಂತದ ಪ್ರಕಾರ, ಕೇಳುತ್ತಾರೆ. ಪ್ರತ್ಯಕ್ಷದ ಪ್ರಕಾರ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಸಿನೀರು ಕುಡಿಯುತ್ತಾರೆ, ಶ್ರುತಿಪೆಟ್ಟಿಗೆಯ ಗುಂಡಿಯನ್ನು ಒಂದಿಷ್ಟು ಆಚೆ ತಿರುಗಿಸಿ ಮತ್ತೆ ಅಲ್ಲಿಗೇ ತರುತ್ತಾರೆ, ಶಾಲು ಸರಿಮಾಡಿಕೊಳ್ಳುತ್ತಾರೆ, ಸಭಿಕರು ಕಳಿಸಿದ ಕೋರಿಕೆಯ ಚೀಟಿ ಬಿಡಿಸಿ ಓದಿ ಮಡಿಸುತ್ತಾರೆ. ಮೈಕಿನವರ ಕಡೆ ನೋಡಿ, ಒಂದು ಬೆರಳಿನಿಂದ ತಮ್ಮ ಗಂಟಲು ತೋರಿಸಿ ಅದೇ ಬೆರಳನ್ನು ಮೇಲಕ್ಕೆತ್ತುತ್ತಾರೆ. ಮಾನಿಟರಿನಲ್ಲಿ ನನ್ನ ದನಿ ಇನ್ನಷ್ಟು ಕೊಡಿ ಎಂದು ಅದರರ್ಥ. ಪಿಟೀಲನ್ನು ಇನ್ನಷ್ಟು ಕೊಡಿ ಎಂಬುದಕ್ಕೆ ಯಾವ ಬೆರಳು ಎಂಬುದು ನಮ್ಮ ಕ್ಷೇತ್ರಕಾರ್ಯದಲ್ಲಿ ಪತ್ತೆಯಾಗಲಿಲ್ಲ.

ಆದರೂ ನಡುನಡುವೆ 'ಭೇಷ್' ಬರುತ್ತದೆ. ಈ ಭೇಷ್ ಮೀಮಾಂಸೆಯ ಅತಿ ಸೂಕ್ಷ್ಮ ಭಾಗ. ಸಂಗತಿ ಪೂರ್ತಿಯಾಗಿ, ಒಂದು ಉಸಿರಿನಷ್ಟು ಬಿಟ್ಟು ಬಂದ ಭೇಷ್ ಅಪ್ಪಟ ಕಿವಿಯದು. ಸಂಗತಿಯ ತುದಿಗೇ ತಾಗಿ ಬಂದದ್ದು ಅನುಭವದ್ದು: ಇಷ್ಟು ಹೊತ್ತಿಗೆ ಏನಾದರೂ ಚೆನ್ನಾಗಿರುವುದು ಬಂದಿರಲೇಬೇಕು ಎಂಬ ಅಂದಾಜಿನದು. ಸಂಗತಿ ಇನ್ನೂ ನಡುವೆ ಇರುವಾಗಲೇ ಬಂದರೆ ಅದು ಬಾಯಿಯದು, ಕಿವಿಗೂ ಅದಕ್ಕೂ ಸಂಬಂಧವಿಲ್ಲ. ನಾಲ್ಕನೆಯ ಜಾತಿ ಅತಿ ವಿರಳ. ಗಾಯಕರು ಏನೂ ಅನ್ನದೆ, ತಮ್ಮ ಮುಂದಿನ ಸುತ್ತಿನಲ್ಲಿ ಪಿಟೀಲಿನವರು ಈಗತಾನೇ ನುಡಿಸಿದ ಎಳೆಯನ್ನೇ ಎತ್ತಿಕೊಂಡು ಮುಂದಕ್ಕೆ ಬೆಳೆಸುತ್ತಾರೆ. ಆಗ ಪಿಟೀಲಿನವರ ಹುಬ್ಬು ಮೇಲೇರುತ್ತದೆ, ಮೃದಂಗದವರು ನಗುತ್ತಾರೆ, ಕಂಬದ ಮರೆಯವರು ಕೂಡ ಕಣ್ಣು ಬಿಡುತ್ತಾರೆ. ಬ್ರಿಜ್‌ಟವರನಿಗೆ ಸಿಕ್ಕ ಅಪ್ಪುಗೆಯ ದೇಶೀ ರೂಪ ಇದೇ. ಒಂದು ಸಂಜೆಗೆ ಇಂಥದ್ದೊಂದು ನಡೆದರೂ ಟಿಕೆಟ್ಟಿನ ದುಡ್ಡು ವಸೂಲು, ಇದರಲ್ಲಿ ಅಣಕವೇನೂ ಇಲ್ಲ.

ಕಲ್ಪನಾಸ್ವರ ಪ್ರಕರಣಕ್ಕೆ ಗಣಿತ ಬೇಕು. ಆದಿತಾಳ ಎನ್ನಿ, ಎತ್ತುಗಡೆ ಸಮದಲ್ಲಿ. ಒಂದು ಆವರ್ತಕ್ಕೆ 32 ಅಕ್ಷರ. ಗಾಯಕರು 13 ಅಕ್ಷರ ಹಾಗೇ ಓಡಾಡಿಕೊಂಡು, 14ನೆಯದರಿಂದ ಐದೈದರ ಮೂರು ಗುಂಪು ಕಟ್ಟುತ್ತಾರೆ, ಮಧ್ಯೆ ಎರಡೆರಡು ಅಕ್ಷರ ಕಾರ್ವೆ. 13 ಮತ್ತು 19, ಲೆಕ್ಕ ಚುಕ್ತಾ, ಸಮಕ್ಕೆ ಬಂದು ಬಿದ್ದರು. ಗಾಯಕರಿಗೆ ಇದು ಮನೆಯಲ್ಲಿ ಮಾಡಿಕೊಂಡು ಬಂದ ಬುತ್ತಿ. ಪಿಟೀಲಿನವರ ಸ್ಥಿತಿ ನೋಡಿ. ಮೊದಲ ಐದು ಬಂದಾಗ ಅದು ಮುಕ್ತಾಯವೋ ಬರೇ ಐದೋ ತಿಳಿಯದು. ಎರಡನೆಯ ಐದಕ್ಕೆ ಗುಮಾನಿ. ಮೂರನೆಯದಕ್ಕೆ ಖಾತ್ರಿಯಾಗುತ್ತದೆ, ಆದರೆ ಅಷ್ಟರಲ್ಲಿ ಸಮ ಬಾಗಿಲಲ್ಲಿ ನಿಂತಿರುತ್ತದೆ. ಈಗ ತಾವು ಉತ್ತರ ಕೊಡುವಾಗ ಎಲ್ಲಿಂದ ಹತ್ತಬೇಕು ಎಂದು ಹಿಂದಕ್ಕೆ ಎಣಿಸಬೇಕು, ಎಣಿಸುತ್ತಿರುವುದು ಮುಖದಲ್ಲಿ ಕಾಣಬಾರದು, ಕಮಾನು ನಿಲ್ಲಬಾರದು. ಮೃದಂಗದವರು ಮಾತ್ರ ಎರಡನೆಯ ಐದಕ್ಕೇ ಗುಟ್ಟು ಹಿಡಿದು ಮೂರನೆಯದನ್ನು ಗಾಯಕರ ಜೊತೆಗೇ ಬಾರಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅವರಿಗೆ ರಾಗದ ಚಿಂತೆಯಿಲ್ಲ.

ಇಷ್ಟೆಲ್ಲ ಕೇಳುವವರನ್ನು ಸಭಿಕರು ಕೇಳುತ್ತಾರೆಯೇ ಎಂಬ ಪ್ರಶ್ನೆಯನ್ನು ಮೊದಲು ಎತ್ತಿದ ಕೀರ್ತಿ ತಿರುಮಕೂಡಲಿನ ಪಿಟೀಲು ಚೌಡಯ್ಯನವರಿಗೆ ಸಲ್ಲಬೇಕು. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಅವರು ಸಭೆಯ ಹಿಂದಿನ ಸಾಲಿಗೆ ಪಿಟೀಲು ಮುಟ್ಟುತ್ತಿಲ್ಲವೆಂದು ಕಂಡುಕೊಂಡರು. ಮೈಕು ಇಲ್ಲದ ಕಾಲ. ಗಾಯಕರಿಗೆ ಮೆಲ್ಲಗೆ ಹಾಡಿ ಎನ್ನುವ ಹಾಗಿಲ್ಲ. ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲನ್ನೇ ಮಾಡಿಕೊಂಡರು. ಈಗ ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವೇ ಪಿಟೀಲಿನ ಆಕಾರದಲ್ಲಿ ನಿಂತಿದೆ. ಗಾಯಕರ ಗಂಟಲಿನ ಆಕಾರದ ಕಟ್ಟಡ ನಮಗೆ ತಿಳಿದಂತೆ ಎಲ್ಲಿಯೂ ಇಲ್ಲ. ಪಕ್ಕವಾದ್ಯದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪ್ರತ್ಯುತ್ತರ ದಾಖಲಾಗಿಲ್ಲ, ಅದೂ ಕಾಂಕ್ರೀಟಿನಲ್ಲಿ.

ಸಿದ್ಧಾಂತವನ್ನು ಪ್ರಯೋಗಕ್ಕೆ ತರದಿದ್ದರೆ ಶಾಸ್ತ್ರ ನಿಷ್ಫಲವೆಂದು ತಿಳಿದು, ಪ್ರಬಂಧಕಾರನು ಒಂದು ಸಭೆಯ ಕಾರ್ಯದರ್ಶಿಗಳನ್ನು ಕಚೇರಿ ಮುಗಿದ ಮೇಲೆ ಹಿಡಿದು ನಿಲ್ಲಿಸಿ ನಿವೇದಿಸಿಕೊಂಡನು. ಹಾಡುವುದಕ್ಕಿಂತ ಕೇಳುವುದು ಕಷ್ಟದ ಕೆಲಸವೆಂದು ಸಪ್ರಮಾಣ ಸಿದ್ಧಪಟ್ಟಿರುವುದರಿಂದ, ಸಂಭಾವನೆಯ ಎರಡು ಲಕೋಟೆಗಳನ್ನು ಮುಂದಿನ ಸಲ ಅದಲುಬದಲು ಮಾಡಿ ಕೊಟ್ಟರೆ... ಎಂದು ವಾಕ್ಯ ಇನ್ನೂ ನಡುವೆ ಇತ್ತು.

"ಭೇಷ್! ಒಳ್ಳೇ ವಿಚಾರ ಸಾರ್," ಎಂದರು ಕಾರ್ಯದರ್ಶಿಗಳು.