ಹಾಸನ ಸೀಮೆಯ ಪಿನ್‌ಕೋಡುಗಳಲ್ಲಿ ಅವಿಭಾಜ್ಯತ್ವ: ಒಂದು ಮಹಾಪ್ರಬಂಧದ ಸಾರ

ಲೋಕದ ಗಣಿತಜ್ಞರು ಈವರೆಗೆ ಕಂಡ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ 2024ರ ಅಕ್ಟೋಬರಿನಲ್ಲಿ ಸಿಕ್ಕಿತು. ಎರಡರ 13,62,79,841ನೇ ಘಾತದಿಂದ ಒಂದು ಕಳೆದರೆ ಬರುವ ಅದಕ್ಕೆ 4,10,24,320 ಅಂಕಿಗಳು. ಇನ್‌ಲ್ಯಾಂಡ್ ಲೆಟರಿನ ಮೇಲಾದರೋ ಆರೇ ಚೌಕ. ಅಂಚೆಗೆ ಹಾಕಲಾಗದ ಸಂಖ್ಯೆಯಿಂದ ಅರಕಲಗೂಡಿನವರಿಗೆ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ಪಾಶ್ಚಾತ್ಯ ವಿದ್ವಾಂಸರು ಎತ್ತಿಯೇ ಇಲ್ಲ. ಆರಂಕಿಯ ಅವಿಭಾಜ್ಯಗಳಲ್ಲಿ ಹಿರಿಯದಾದ 999983 ಕೂಡ ನಮಗೆ ದಕ್ಕದು. 9ರಿಂದ ಶುರುವಾಗುವ ಪಿನ್ ಸೇನೆಯ ಅಂಚೆಗೆ ಮೀಸಲು. ಆದ್ದರಿಂದ ಪ್ರಸ್ತುತ ಪ್ರಬಂಧ ನಮ್ಮ ಸೀಮೆಯ ಪಿನ್ ಶುರುವಾಗುವ 573ರ ಗಡಿ ದಾಟುವುದಿಲ್ಲ.

ಪಿನ್ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿಯೂ ಹೌದು. ಮಾತ್ರೆ ಎಣಿಸಬಲ್ಲವರು ಭಾಜಕಗಳನ್ನು ಎಣಿಸದೆ ಬಿಟ್ಟಾರೆಯೇ ಎಂಬುದು ನಮ್ಮ ಪೂರ್ವಪಕ್ಷ.

ಇನ್ನು ಪರೀಕ್ಷೆ. ಪ್ರಬಂಧಕ್ಕೆ ಆರಿಸಿಕೊಂಡ ಊರು ನಾಲ್ಕು: ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ. ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಭಾಗಾಕಾರ ಒಂದೇ, ಅಣ್ಣತಮ್ಮಂದಿರ ಹಿಸ್ಸೆ. ಹಾಸನದ 573201ರ ಅಂಕಿಗಳನ್ನು ಕೂಡಿದರೆ 18. ಒಂಬತ್ತು ಜನ ಬಂದು ನಿಂತರೂ ಆಳಿಗೆ 63,689ರಂತೆ ತಕರಾರಿಲ್ಲದೆ ಹಂಚಿಹೋಗುತ್ತದೆ. ಅರಕಲಗೂಡು (573102) ಒಂಬತ್ತಕ್ಕೂ ಸೈ, ಎರಡಕ್ಕೂ ಸೈ. ಚನ್ನರಾಯಪಟ್ಟಣ (573116) ನಾಲ್ವರಿಗೆ ಸಲೀಸು. ಹೊಳೆನರಸೀಪುರದ 573211 ಮಾತ್ರ ನೋಡಲು ಗಟ್ಟಿ ಆಸಾಮಿ: ಬೆಸ, 3ಕ್ಕೆ ಬಗ್ಗದು, 7, 11, 13, 17 ಯಾವುದಕ್ಕೂ ಜಗ್ಗದು. ಹಾರ ತುರಾಯಿ ತರಿಸಿದ ಹೊತ್ತಿಗೆ ಹತ್ತೊಂಬತ್ತು ಜನ ದಾಯಾದಿಗಳು ಒಟ್ಟಿಗೆ ಬಂದು ತಲಾ 30,169 ಎಣಿಸಿಕೊಂಡು ಹೋದರು. ಅಂಕಿಗಳ ಮೊತ್ತವೂ 19, ಭಾಜಕವೂ 19! ಊರಿನ ರಾಜಕೀಯ ಬಲ್ಲವರು ಇದಕ್ಕೆ ಬೇರೆ ವ್ಯಾಖ್ಯಾನ ಕೊಟ್ಟಾರು. ಪ್ರಬಂಧಕಾರನಿಗೆ ಗಣಿತವಷ್ಟೇ ಗೊತ್ತು.

ಹಾಸನದ ವಾಹನಗಳಿಗೆ ಕೆಎ 13. ಹದಿಮೂರು ಅಪ್ಪಟ ಅವಿಭಾಜ್ಯ. ಅಂದರೆ ಸ್ಕೂಟರ್ ಹತ್ತಿದಾಗ ಅಖಂಡನಾಗಿರುವ ಹಾಸನಿಗ, ಕಾಗದ ಬರೆಯಲು ಕೂತರೆ ಒಂಬತ್ತು ಚೂರು. ಈ ವಿರೋಧಾಭಾಸಕ್ಕೆ ಪ್ರತ್ಯೇಕ ಸಂಪುಟವೇ ಬೇಕು.

ಉಳಿದ ತಾಲ್ಲೂಕು ಕೇಂದ್ರಗಳಲ್ಲಿ ಬೇಲೂರು 5ಕ್ಕೆ, ಆಲೂರು 3ಕ್ಕೆ, ಸಕಲೇಶಪುರ 2ಕ್ಕೆ ಸೋತವು. ಅರಸೀಕೆರೆಯ 573103 ವೀರಾವೇಶದಿಂದ ಹೋರಾಡಿ 313ರ ಕೈಯಲ್ಲಿ 1831 ತುಂಡಾಯಿತು.

ಕಡೆಗೆ ಸಿಕ್ಕಿದ್ದು ಗಂಡಸಿಯಲ್ಲಿ: 573119. ಸಾಧನೆ ಹೀಗೆ. 758ರ ವರ್ಗ ಈ ಸಂಖ್ಯೆಯನ್ನು ಮೀರುವುದರಿಂದ 757ರ ವರೆಗಿನ 134 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 67ರಲ್ಲಿ ಒಂದೇ ಒಂದು ಉಳಿದು ಮಾನ ಉಳಿಯಿತು. 521ನ್ನು 1100ರಿಂದ ಗುಣಿಸಿದರೆ 573100. ಉಳಿದದ್ದು 19, ಅದೇ ಹೊಳೆನರಸೀಪುರದ 19. ಕೊನೆಯ 757ಕ್ಕೆ ಶೇಷ 70. ಅಲ್ಲಿಗೆ ಸಿದ್ಧ.

ಆಕ್ಷೇಪ: ಗಂಡಸಿ ಅರಸೀಕೆರೆ ತಾಲ್ಲೂಕಿನದು, ಪ್ರಬಂಧಕ್ಕೆ ಆರಿಸಿಕೊಂಡ ನಾಲ್ಕು ಊರುಗಳಲ್ಲಿ ಒಂದಲ್ಲ. ಸಮಾಧಾನ: ಅರಸೀಕೆರೆಯಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲೇ ಗಂಡಸಿ ಸಿಗುತ್ತದೆ, ಶಾಸ್ತ್ರಕ್ಕೆ ಅಷ್ಟು ನಂಟು ಧಾರಾಳವಾಯಿತು. ಒಪ್ಪದ ಹೊಳೆನರಸೀಪುರದವರು ಹತ್ತೊಂಬತ್ತು ಜನರ ಸಹಿಯೊಡನೆ ತಕರಾರು ಅರ್ಜಿ ಕಳಿಸಬಹುದು. ಪಿನ್‌ಕೋಡ್ ಕಡ್ಡಾಯ.