ನೆರಳಿಗೂ ಶೇಕಡಾ ಅರವತ್ತರಲ್ಲಿ ಪಾಲುಂಟೇ?

ಮುಂಬಯಿ ಬಳಿಯ ಘೋಡಬಂದರ್ ರಸ್ತೆಯಲ್ಲಿ ಗಾಡಿಗಳು ನಿಂತೇ ಇರುವುದರಿಂದ ಓದುವುದಕ್ಕೆ ಬಿಡುವು ಧಾರಾಳ. ಕಾಪೂರಬಾವಡಿ ದಾಟಿ ಮಾನಪಾಡಾ, ಪಾಟ್ಲಿಪಾಡಾ, ಕಾಸಾರವಡವಲಿ ಎಂದು ತೆವಳುವ ಹೊತ್ತಿನಲ್ಲಿ ಮೆಟ್ರೊ ಕಂಬಗಳನ್ನೂ ತಗಡಿನ ಬೇಲಿಗಳನ್ನೂ ನೋಡಿ ಬೇಸತ್ತ ಕಣ್ಣು ಫ್ಲೆಕ್ಸಿನ ಮೇಲೆ ಬೀಳುತ್ತದೆ. ಮರಾಠಿ ಹುಟ್ಟುಹಬ್ಬಗಳ ನಡುವೆ ಆಗೊಮ್ಮೆ ಈಗೊಮ್ಮೆ ನಮ್ಮದೂ ಒಂದು ಇರುತ್ತದೆ: ರಾಜ್ಯೋತ್ಸವ, ಯಕ್ಷಗಾನ, ಸಾಧಕರಿಗೆ ಸನ್ಮಾನ. ಅಕ್ಷರಗಳ ಮೈಗೆ ಚಿನ್ನದ ಲೇಪ, ಸುತ್ತ ಬಿಳಿ ಅಂಚು, ಆ ಅಂಚಿಗೊಂದು ಕೆಂಪು ಅಂಚು, ಬುಡದಲ್ಲಿ ಕಪ್ಪು ನೆರಳು. ಶೃಂಗಾರವೆಲ್ಲ ಮುಗಿದ ಮೇಲೆ ಅಲ್ಲಿ ಬರೆದದ್ದೇನು ಎಂಬುದೊಂದು ಮಾತ್ರ ತಿಳಿಯುವುದಿಲ್ಲ. ಈ ಪ್ರಕರಣದ ಅತಿ ಹಿರಿಯ ಆರೋಪಿ ಡ್ರಾಪ್ ಶ್ಯಾಡೋ, ಅಂದರೆ ಅಕ್ಷರದ ನೆರಳು. ಅದನ್ನೇ ಮಾತಿಗೆಳೆಯಲಾಯಿತು.

ನಿಮ್ಮ ಪರಿಚಯ ಹೇಳಿ. ಹಾಗೆಯೇ ಅರ್ಕಾವತ್ತಿನ ಬಗ್ಗೆ ನಿಮ್ಮ ನಿಲುವೇನು?

ಪರಿಚಯ ಕೇಳಿದಿರಲ್ಲ, ಅದೇ ಸಂತೋಷ ಮಾರಾಯ್ರೇ. ನಮ್ಮದು ದೊಡ್ಡ ಮನೆತನ. 1815ರ ಸುಮಾರಿಗೆ ಲಂಡನ್ನಿನಲ್ಲಿ ವಿನ್ಸೆಂಟ್ ಫಿಗಿನ್ಸ್ ಎಂಬವರು ನೆರಳಿರುವ ಮೊಳೆಗಳನ್ನು ಎರಕ ಹೊಯ್ದರು, ಇಂಗ್ಲಿಷಿನ ದೊಡ್ಡಕ್ಷರಗಳಿಗೆ. ಫೋಟೋಶಾಪಿನಲ್ಲಿ ನನಗೆ ಕಾಯಂ ಕೆಲಸ ಸಿಕ್ಕಿದ್ದು 1998ರಲ್ಲಿ, ಐದನೇ ಆವೃತ್ತಿಯಲ್ಲಿ. ಅದಕ್ಕೆ ಮೊದಲು ನನ್ನನ್ನು ತರಿಸಬೇಕಾದರೆ ಅಕ್ಷರವನ್ನು ನಕಲು ಮಾಡಬೇಕಿತ್ತು, ಕಪ್ಪು ತುಂಬಬೇಕಿತ್ತು, ಮಸುಕು ಮಾಡಿ ಕೆಳಗಿನ ಲೇಯರಿಗೆ ಸರಿಸಬೇಕಿತ್ತು. ಅಷ್ಟು ದುಡಿದವನು ಕೊನೆಗೆ ಒಂದು ಸಲವಾದರೂ ದಿಟ್ಟಿಸಿ ನೋಡುತ್ತಿದ್ದ. ಈಗ ಒಂದು ಟಿಕ್ ಹಾಕಿದರೆ ನಾನು ಹಾಜರು. ಹಳೆಯ ಆವೃತ್ತಿಗಳಲ್ಲಿ ಕೋನ 120 ಡಿಗ್ರಿ, ಗಾಢತೆ ಶೇಕಡಾ 75, ಕಂಪನಿ ಕೊಟ್ಟದ್ದೇ ಕಾನೂನು. ಹೋಗಲಿ, ನನ್ನ ಸಂಕಟ ಅದಲ್ಲ. ನನ್ನ ಸಂಕಟ ಬೆವೆಲ್. ನನ್ನ ಜೊತೆಗೇ ಕೆಲಸಕ್ಕೆ ಸೇರಿದವ. ಅಂಚು ಉಬ್ಬಿಸಿಕೊಂಡು ಬಂಗಾರದ ಬಿಸ್ಕತ್ತಿನಂತೆ ಹೊಳೆಯುವುದು ಬಿಟ್ಟು ಅವನಿಗೆ ಬೇರೆ ಕಸುಬಿಲ್ಲ. ಪುಢಾರಿಯ ಹೆಸರಿಗೂ ಅವನೇ, ದೇವರ ಹೆಸರಿಗೂ ಅವನೇ. ಹೊಗಳಿಕೆಯೆಲ್ಲ ಅವನಿಗೆ, ಓದಲಾಗದಿದ್ದರೆ ಬೈಗುಳ ನನಗೆ!

ಅರ್ಕಾವತ್ತಿನ ಪ್ರಶ್ನೆಯನ್ನು ನೆರಳು ನುಂಗಿಬಿಟ್ಟಿತು. ನುಂಗುವುದು ಅದಕ್ಕೆ ಅಭ್ಯಾಸ. ಆದರೆ ತನ್ನ ವಂಶಾವಳಿ ಹೇಳುವಾಗ ತಿಳಿಯದೆಯೇ ಸಾಕ್ಷ್ಯ ನುಡಿದಿದೆ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಗೆರೆಯ ಮೇಲೆ ನಿಲ್ಲುತ್ತವೆ, ಗೆರೆಯ ಕೆಳಗೆ ಬರಿ ಬಯಲು. ಅಲ್ಲಿ ನೆರಳು ಚೆಲ್ಲಿದರೆ ಯಾರಿಗೂ ನಷ್ಟವಿಲ್ಲ. ಮರಾಠಿಯಲ್ಲೂ ಒತ್ತಕ್ಷರಗಳು ಬಹುಮಟ್ಟಿಗೆ ಪಕ್ಕಪಕ್ಕದಲ್ಲಿ ಅರ್ಧರ್ಧವಾಗಿ ಸೇರಿಕೊಳ್ಳುತ್ತವೆ, ರಫಾರ ತಲೆಯ ಮೇಲೆ ಹತ್ತಿ ಕೂರುತ್ತದೆ. ಕನ್ನಡದ ಸಂಸಾರ ಹಾಗಲ್ಲ, ನಮ್ಮ ಅರ್ಧ ಕುಟುಂಬ ನೆಲಮಾಳಿಗೆಯಲ್ಲಿದೆ. ‘ಸ್ವಾಗತ’ದ ವ ಕೆಳಗೆ, ‘ಯಕ್ಷಗಾನ’ದ ಷ ಕೆಳಗೆ, ‘ರಾಷ್ಟ್ರ’ದಲ್ಲಂತೂ ಒಂದೇ ಅಕ್ಷರದಡಿ ಇಬ್ಬರು ಬಾಡಿಗೆದಾರರು. 120 ಡಿಗ್ರಿ ಎಂದರೆ ಬೆಳಕು ಎಡಮೇಲಿನಿಂದ ಬಂದು ನೆರಳು ಬಲಕೆಳಕ್ಕೆ ಬೀಳುವುದು, ಸರಿಯಾಗಿ ಆ ನೆಲಮಾಳಿಗೆಗೇ. ನೆರಳು ಒತ್ತನ್ನು ಮುಚ್ಚುವುದಿಲ್ಲ, ನಿಜ, ಅದು ಹಿಂದಿನ ಪದರದಲ್ಲಿರುತ್ತದೆ. ಆದರೆ ಒತ್ತಿನ ಸುತ್ತಲಿನ ಕಿರಿದಾದ ಬಯಲನ್ನೆಲ್ಲ ತುಂಬಿಬಿಡುತ್ತದೆ. ಅಕ್ಷರ ಗುರುತು ಸಿಗುವುದು ಗೆರೆಯಿಂದ ಎಷ್ಟೋ ಅಷ್ಟೇ ಸುತ್ತಲಿನ ಬಯಲಿನಿಂದ. ದಪ್ಪ ಅಂಚು ಹಾಕುವ ಸ್ಟ್ರೋಕ್ ಎಂಬ ಇನ್ನೊಬ್ಬನದು ಇದಕ್ಕಿಂತ ಘೋರ. ಧ, ಢ, ಫ ಇವುಗಳಿಗೆ ಶಾಲೆಯಲ್ಲಿ ಹೊಟ್ಟೆ ಸೀಳಲು ಕಲಿಸುತ್ತಾರಲ್ಲ, ಆ ಸೀಳನ್ನು ಅವನು ಹೊಲಿದು ಹಾಕುತ್ತಾನೆ. ಆಮೇಲೆ ಸನ್ಮಾನವಾಗುವುದು ‘ಸಾದಕ’ರಿಗೆ, ಹಂಚುವುದು ‘ಪಲ’ಪುಷ್ಪ. ಮಹಾಪ್ರಾಣ ಹೋಗುವುದು ಉಚ್ಚಾರದ ಸೋಮಾರಿತನದಿಂದ ಎಂದು ನಾವು ಮಕ್ಕಳನ್ನು ಗದರುತ್ತೇವೆ. ಬೀದಿಯಲ್ಲಿ ಅದರ ಪ್ರಾಣ ಹಾರಿಸುವುದು ಐದು ಪಿಕ್ಸೆಲಿನ ಬಿಳಿ ಗೆರೆ.

ಕೈಯಲ್ಲಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳೂ ನಿಮ್ಮನ್ನು ಬಳಸುತ್ತಿದ್ದರಲ್ಲ? ಅವರ ಅರ್ಕಾವತ್ತು ಮಾತ್ರ ಹೇಗೆ ಉಳಿಯಿತು?

ಅದನ್ನೇ ನಾನೂ ಹೇಳುವುದು! ಖಾನಾವಳಿಯ ಬೋರ್ಡಿನಲ್ಲಿ ನಾನಿದ್ದೆ, ಸಿನಿಮಾ ಪೋಸ್ಟರಿನಲ್ಲಿ ನಾನಿದ್ದೆ, ಲಾರಿಯ ಹಿಂದೆ ನಾನಿದ್ದೆ. ಆಗ ಯಾರೂ ಬೈಯಲಿಲ್ಲ. ಆಗ ಬೆವೆಲ್ ಇರಲಿಲ್ಲ ನೋಡಿ.

ಆಕ್ಷೇಪ ಗಟ್ಟಿಯಾಗಿದೆ, ಬೆವೆಲಿನ ಭಾಗ ಬಿಟ್ಟರೆ. ನೆರಳೇ ದೋಷವಾಗಿದ್ದರೆ ಕೈಬರಹದ ಫಲಕಗಳೂ ಓದಲಾಗದೆ ಹೋಗಬೇಕಿತ್ತು. ವ್ಯತ್ಯಾಸ ಇರುವುದು ಯಾರು ನಿಲ್ಲಿಸುತ್ತಾರೆ ಎಂಬಲ್ಲಿ. ಪೇಂಟರ್ ಒಂದೊಂದೇ ಅಕ್ಷರಕ್ಕೆ ಕುಂಚ ಎಳೆಯುತ್ತಾನೆ. ಒತ್ತು ಹತ್ತಿರ ಬಂದಾಗ ನೆರಳನ್ನು ಸಣ್ಣದು ಮಾಡುತ್ತಾನೆ, ಬೇಕಾದರೆ ಒತ್ತನ್ನೇ ಒಂದು ಬೆರಳು ಕೆಳಗಿಳಿಸುತ್ತಾನೆ. ಅವನ ಕೈಗೆ ಅಕ್ಷರ ಗೊತ್ತು. ಸಾಫ್ಟ್‌ವೇರಿಗೆ ಗೊತ್ತಿರುವುದು ಆಕಾರ ಮಾತ್ರ. ಆಕಾರದ ಅಂಚನ್ನು ಅಷ್ಟು ದೂರ ಸರಿಸು, ಇಷ್ಟು ಮಸುಕು ಮಾಡು ಎಂಬ ಲೆಕ್ಕಕ್ಕೆ ಅರ್ಕಾವತ್ತೂ ಒಂದೇ, ಅರಳಿದ ಗುಲಾಬಿಯೂ ಒಂದೇ.

ಈಗ ಸಾಫ್ಟ್‌ವೇರ್ ಸುಧಾರಿಸಿದೆ ಎನ್ನುತ್ತಾರೆ.

ಹೌದಂತೆ. ನನಗೇನು, ಮೇಲೆ ಏನಿದ್ದರೂ ಕೆಳಗೆ ಬೀಳುವವ ನಾನು. ಅಕ್ಷರ ಮುರಿದಿದ್ದರೆ ಮುರಿದದ್ದರ ನೆರಳು, ನೆಟ್ಟಗಿದ್ದರೆ ನೆಟ್ಟಗಿನದರ ನೆರಳು.

ಸಾಫ್ಟ್‌ವೇರ್ ಸುಧಾರಿಸಿದೆ ಎಂಬುದು ಎರಡು ಬೇರೆ ಬೇರೆ ರೋಗಗಳಿಗೆ ಒಂದೇ ಮದ್ದು ಎಂದು ನಂಬಿಸುವ ಮಾತು. ಒಂದು ಕಾಲದಲ್ಲಿ ಫೋಟೋಶಾಪಿಗೆ ಯೂನಿಕೋಡ್ ಕನ್ನಡ ಅಂಟಿಸಿದರೆ ‘ಸ್ವಾಗತ’ ಒಡೆದು ಸ್, ವಾ, ಗ, ತ ಎಂದು ಸಾಲಾಗಿ ನಿಲ್ಲುತ್ತಿತ್ತು. ಆಮೇಲೆ ಪಠ್ಯದ ಆಯ್ಕೆಗಳೊಳಗೆ ಹೊಕ್ಕು ದಕ್ಷಿಣ ಏಷ್ಯಾದ ಲಿಪಿಗಳ ವ್ಯವಸ್ಥೆಯನ್ನು ಆರಿಸಿಕೊಂಡರೆ ಒತ್ತುಗಳು ತಮ್ಮ ಜಾಗಕ್ಕೆ ಬರತೊಡಗಿದವು. ಅದನ್ನು ಅರಿಯದ ಅಂಗಡಿಗಳು ಇಂದಿಗೂ ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲೇ ದಿನ ದೂಡುತ್ತವೆ. ಅಂಥ ಫಾಂಟಿಗೆ ಮೊಬೈಲಿನಿಂದ ಬಂದ ಕನ್ನಡ ಸುರಿದರೆ ಸಿಗುವುದು ಬರಿ ಚೌಕಗಳು. ಇದೊಂದು ರೋಗ, ಇದಕ್ಕೆ ಔಷಧ ಬಂದಿದೆ, ಕುಡಿಸುವವರಿಲ್ಲ. ಆದರೆ ಒತ್ತು ಸರಿಯಾದ ಜಾಗಕ್ಕೆ ಬಂದ ಮೇಲೆ ಅದರ ಮೇಲೆ ಎರಚುವ ಅಲಂಕಾರ ಕನ್ನಡದ ಅಂಗರಚನೆ ಅರಿಯದ್ದು ಎಂಬುದು ಇನ್ನೊಂದು ರೋಗ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸಿದರೆ ದೀರ್ಘದ ಕೊಂಡಿ ತನ್ನ ಅಕ್ಷರ ಬಿಟ್ಟು ಪಕ್ಕದವರ ಮನೆ ಸೇರುವುದೂ ಇದೇ ಜಾತಿಯದು. ಅರ್ಕಾವತ್ತಿನ ಪಾಡು... ಇರಲಿ.

ಇರಲಿ ಏಕೆ, ಕೇಳಿಯೇಬಿಡುತ್ತೇನೆ. ಪ್ರತಿ ಬ್ಯಾನರಿನಲ್ಲೂ ‘ಹಾರ್ದಿಕ’ ಇರುತ್ತದೆ. ಅದರ ಅರ್ಕಾವತ್ತು ನಿಮ್ಮ ಕತ್ತಲಲ್ಲಿ ಒಂಬತ್ತೋ ಕೊಕ್ಕೆಯೋ ತಿಳಿಯದಂತಾಗಿದೆ. ಉತ್ತರಿಸಿ.

ನಾನೊಂದು ಪ್ರಶ್ನೆ ಕೇಳಲೇ? ಕರ್ನಾಟಕದಲ್ಲಿ 2024ರ ತಿದ್ದುಪಡಿಯ ಪ್ರಕಾರ ಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕಲ್ಲ. ಅಳೆಯುವಾಗ ನನ್ನನ್ನೂ ಸೇರಿಸುತ್ತಾರೋ? ನಾನು ಅಕ್ಷರಕ್ಕಿಂತ ಅಗಲವಾಗಿ ಬೀಳಬಲ್ಲೆ. 45 ಇದ್ದದ್ದನ್ನು 60 ಮಾಡಿಕೊಡುತ್ತೇನೆ. ಬೆವೆಲಿನ ಕೈಲಿ ಆಗುತ್ತದೋ ಕೇಳಿ ನೋಡಿ.

ನಗು ಬರಿಸುವ ಈ ಪ್ರಶ್ನೆಯೊಳಗೆ ನಮ್ಮ ನೀತಿಯ ತಿರುಳೇ ಇದೆ. ಕರ್ನಾಟಕ ವಿಸ್ತೀರ್ಣ ಅಳೆಯುತ್ತದೆ. ಮಹಾರಾಷ್ಟ್ರದ 2022ರ ತಿದ್ದುಪಡಿ ಅಂಗಡಿಯ ಹೆಸರು ಮರಾಠಿಯಲ್ಲಿ, ದೇವನಾಗರಿಯಲ್ಲಿ ಇರಬೇಕು, ಆ ಅಕ್ಷರ ಬೇರೆ ಲಿಪಿಗಿಂತ ಚಿಕ್ಕದಿರಬಾರದು ಎನ್ನುತ್ತದೆ. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಎರಡು ತಿಂಗಳ ಗಡುವನ್ನೂ ಕೊಟ್ಟಿತು. ಎರಡೂ ಕಾನೂನುಗಳ ಆಶಯಕ್ಕೆ ನನ್ನ ತಕರಾರಿಲ್ಲ. ಎರಡೂ ಅಳೆಯುವುದು ಗಾತ್ರವನ್ನು, ಓದಲಾಗುತ್ತದೆಯೇ ಎಂದು ನೋಡುವ ಕಾಲಂ ಯಾವ ಇನ್‌ಸ್ಪೆಕ್ಟರನ ಹಾಳೆಯಲ್ಲೂ ಇಲ್ಲ. ಎಣಿಕೆಗೆ ಸಿಗುವುದು ಗಾತ್ರ ಮಾತ್ರವಾದಾಗ ಎಲ್ಲರೂ ಗಾತ್ರವನ್ನೇ ಬೆಳೆಸುತ್ತಾರೆ. ಪಕ್ಕದವನ ಅಂಚಿಗಿಂತ ದಪ್ಪ ಅಂಚು, ಅವನ ಬಂಗಾರಕ್ಕಿಂತ ಹಳದಿ ಬಂಗಾರ, ಅವನ ಚೌಕಟ್ಟಿಗಿಂತ ಎತ್ತರದ ಚೌಕಟ್ಟು.

ಚೌಕಟ್ಟಿನ ಮಾತು ಬಂದಮೇಲೆ ತಮಾಷೆ ಸಾಕು. 2024ರ ಮೇ 13ರಂದು ಮುಂಬಯಿಯ ಘಾಟ್‌ಕೋಪರದಲ್ಲಿ ಗಾಳಿಮಳೆಗೆ ಒಂದು ಹೋರ್ಡಿಂಗ್ ಪೆಟ್ರೋಲ್ ಪಂಪಿನ ಮೇಲೆ ಉರುಳಿತು. 40 ಅಡಿಗೆ 40 ಅಡಿ ಮಿತಿಯಿದ್ದ ಊರಿನಲ್ಲಿ ಅದು ನಿಂತಿದ್ದದ್ದು 120ಕ್ಕೆ 120. ಮಳೆಗೆ ಆಸರೆ ಹುಡುಕಿದವರು, ಗಾಡಿಗೆ ಎಣ್ಣೆ ಹಾಕಿಸಲು ಬಂದವರು, ಪಂಪಿನಲ್ಲಿ ದುಡಿಯುವವರು. 17 ಜನ ಸತ್ತರು. ಮಿತಿಯ ಒಂಬತ್ತು ಪಟ್ಟು ವಿಸ್ತೀರ್ಣದ ಉಕ್ಕು ರಾತ್ರೋರಾತ್ರಿ ಮುಗಿಲಿಂದ ಬಿದ್ದದ್ದಲ್ಲ. ಲಕ್ಷಗಟ್ಟಲೆ ಜನರ ಕಣ್ಣೆದುರು ಎದ್ದದ್ದು, ಕಾಣಬೇಕೆಂದೇ ಎದ್ದದ್ದು, ಕಾಣಬೇಕಾದವರಿಗೆ ಮಾತ್ರ ಕಾಣಲಿಲ್ಲ. ಅಕ್ಷರ ದೊಡ್ಡದಾದಷ್ಟೂ ಮಾತು ದೊಡ್ಡದು ಎಂಬ ನಂಬಿಕೆಗೆ ಈ ಊರು ಅಷ್ಟು ಬೆಲೆ ತೆತ್ತಿದೆ. ಅದಾದ ಮೇಲೂ ಬೇಲಿಗೆ, ದೀಪದ ಕಂಬಕ್ಕೆ, ದಾರಿ ತೋರುವ ಫಲಕದ ಮೂತಿಗೇ ಫ್ಲೆಕ್ಸ್ ಬಿಗಿಯುವವರಿಗೆ ನಾಚಿಕೆಯಾಗದಿದ್ದರೆ ಅದನ್ನು ಹಾಸ್ಯ ಮಾಡಿ ಪ್ರಯೋಜನವಿಲ್ಲ, ದಂಡ ಹಾಕಬೇಕು, ವಸೂಲೂ ಮಾಡಬೇಕು.

(ತುಸು ಹೊತ್ತು ಬಿಟ್ಟು) ತಪ್ಪು ಯಾರದು? ಫ್ಲೆಕ್ಸ್ ಅಂಗಡಿಯ ಹುಡುಗನದೇ?

ಅವನನ್ನು ಬಿಡಿ ಮಾರಾಯ್ರೇ. ಕೋರೆಲ್‌ಡ್ರಾ ತೆರೆದು ಒಂದು ದಿನಕ್ಕೆ ಹತ್ತಾರು ಹುಟ್ಟುಹಬ್ಬ ಮಾಡುವ ಹುಡುಗ. ಮರಾಠಿ ಬಲ್ಲ, ಹಿಂದಿ ಬಲ್ಲ, ಕನ್ನಡ ಅವನಿಗೆ ಜಿಲೇಬಿ. ಕಳುಹಿಸಿದ್ದನ್ನು ಅಂಟಿಸುತ್ತಾನೆ. ವಾಟ್ಸಾಪಿನಲ್ಲಿ ಪ್ರೂಫ್ ಕಳಿಸುತ್ತಾನೆ. ಆಚೆಯಿಂದ ಹೆಬ್ಬೆರಳು ಬರುತ್ತದೆ, ಕೆಳಗೆ ಒಂದು ಸಾಲು: ಅಧ್ಯಕ್ಷರ ಫೋಟೋ ಇನ್ನೂ ದೊಡ್ಡದು ಮಾಡು.

ಇಲ್ಲಿ ನೆರಳಿನ ಮಾತು ಒಪ್ಪತಕ್ಕದ್ದು, ತಪ್ಪು ಹೆಬ್ಬೆರಳು ಒತ್ತುವವರದು. ಹೊರನಾಡಿನಲ್ಲಿ ಇಷ್ಟಾದರೂ ಕನ್ನಡ ಇದೆಯಲ್ಲ, ಓದುವುದಕ್ಕಲ್ಲದಿದ್ದರೂ ನೋಡುವುದಕ್ಕೆ ಎಂಬ ಸಮಾಧಾನವೊಂದು ಚಾಲ್ತಿಯಲ್ಲಿದೆ. ಆ ಸಮಾಧಾನ ಈ ನೆಲಕ್ಕೆ ತಕ್ಕದ್ದಲ್ಲ. ಕನ್ನಡದ ಕೀಲಿಮಣೆಗೆ ರೂಪ ಕೊಟ್ಟ ಕೆ. ಪಿ. ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ವಿಂಡೋಸ್ ಎಕ್ಸ್‌ಪಿ ಜೊತೆ ಮನೆಮನೆಗೆ ಬಂದ ತುಂಗಾ ಫಾಂಟು ಆರ್. ಕೆ. ಜೋಶಿ ಎಂಬ ಮರಾಠಿ ಅಕ್ಷರಶಿಲ್ಪಿಯ ನಿರ್ದೇಶನದಲ್ಲಿ ಮುಂಬಯಿಯಲ್ಲೇ ತಯಾರಾಯಿತು. ದಪ್ಪ ಅಕ್ಷರ ಬೇಕೆನ್ನುವವರಿಗೆ ಮುಂಬಯಿಯ ಏಕ್ ಟೈಪ್ ಬಳಗ ‘ಬಲೂ ತಮ್ಮ’ವನ್ನು ಬಿಟ್ಟಿಯಾಗಿ ಕೊಟ್ಟಿದೆ. ಒತ್ತಿಗೆ, ಸೀಳಿಗೆ ಜಾಗ ಬಿಟ್ಟೇ ದಪ್ಪವಾದ ಅಕ್ಷರ ಅದು, ಮೇಲೊಂದು ಅಂಚು ಸುತ್ತುವ ಹಂಗಿಲ್ಲ. ಸಾಮಗ್ರಿಯೆಲ್ಲ ಕೂಗಳತೆಯಲ್ಲಿದೆ. ಬೇಕಿರುವುದು ಹೆಬ್ಬೆರಳು ಒತ್ತುವ ಮುನ್ನ ಪ್ರೂಫನ್ನು ಅಂಗೈಯಗಲಕ್ಕೆ ಇಳಿಸಿ, ಮನೆಯ ಅಜ್ಜಿಯ ಕೈಗೆ ಕೊಟ್ಟು, ಓದಮ್ಮ ಎನ್ನುವ ವ್ಯವಧಾನ. ಅಜ್ಜಿ ತಡವರಿಸಿದ ಕಡೆಯೆಲ್ಲ ಒಂದೊಂದು ಅಲಂಕಾರ ಕಳಚಬೇಕು.

ನಿಮಗೂ ಒಂದು ಸಲಹೆ. ಕೋನ ಬದಲಿಸಿಕೊಳ್ಳಿ. ಬೆಳಕು ಕೆಳಗಿನಿಂದ ಬಂದರೆ ನೀವು ತಲೆಕಟ್ಟಿನ ಮೇಲೆ ಬೀಳುತ್ತೀರಿ. ಅಲ್ಲಿ ಒತ್ತಿಲ್ಲ, ಅರ್ಕಾವತ್ತಿಲ್ಲ.

ಛೆ, ಸೂರ್ಯ ಎಲ್ಲಾದರೂ ಕೆಳಗಿನಿಂದ ಬೆಳಗುತ್ತಾನೋ?

ಘೋಡಬಂದರ್ ರಸ್ತೆಯಲ್ಲಿ ಫ್ಲೆಕ್ಸಿಗೆ ಬೀಳುವುದು ನಿಂತ ಗಾಡಿಗಳ ಹೆಡ್‌ಲೈಟು. ಅದು ಕೆಳಗಿನಿಂದಲೇ.

ಅದೂ ಹೌದು. ಆದರೆ ಬೆವೆಲ್ ಮೊದಲು ಬದಲಾಗಲಿ.